ಉಡಿಗೆ ಹಾಕಲಾಗದ್ದು

ನನ್ನ ಗಂಡ ರಕ್ತ ಕೊಡುತ್ತಾನೆ ಎಂದು ನಾನು ಓಣಿ ತುಂಬ ಹೇಳಿಕೊಂಡು ತಿರುಗಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಕೂತಲ್ಲಿಂದ ಎದ್ದು ಒಳಗೆ ಹೋಗಬೇಕು ಅನಿಸುತ್ತದೆ.

ಸವಣೂರಿನ ಮಾತು ಇದು, ಅರವತ್ತನೇ ಇಸವಿಯ ಈಚೆಯದು. ನಾನು ದುಂಡಸಿಯವಳು, ಮದುವೆಯಾಗಿ ಸವಣೂರಿಗೆ ಬಂದವಳು. ಗಂಡ ವೀಳ್ಯದೆಲೆಯ ತೋಟದಲ್ಲಿ ಕೂಲಿ. ಬಳ್ಳಿ ಕಟ್ಟುವುದು, ಎಲೆ ಕೊಯ್ಯುವುದು, ಪೆಂಡಿ ಮಾಡಿ ಬಸ್ಸಿನ ಮೇಲೆ ಏರಿಸುವುದು ಅವನ ಕೆಲಸ. ಗಟ್ಟಿ ಆಳು. ನಮಗೆ ಮೂರು ಮಕ್ಕಳಾಗಿದ್ದವು, ಮೂರೂ ಉಳಿದಿದ್ದವು. ಆಗ ಅದು ಸಣ್ಣ ಮಾತಲ್ಲ. ನಾನು ಡಾಕ್ಟರ್ ಬಾಯಾರ ದವಾಖಾನೆಯಲ್ಲಿ ಆಯಾ ಆಗಿದ್ದೆ. ನೀರು ಕಾಯಿಸುವುದು, ಬಟ್ಟೆ ಕುದಿಸುವುದು, ಹೆರುವವರ ಕೈ ಹಿಡಿದು ನಿಲ್ಲುವುದು. ಬಾಯಾರು ವೈಷ್ಣವರ ಮನೆಯ ಹೆಣ್ಣುಮಗಳು. ಅವರ ಅಪ್ಪ, ಅಜ್ಜ ಎಲ್ಲ ಶಾಸ್ತ್ರ ಓದಿದವರು, ಇವರು ಮುಂಬೈಗೆ ಹೋಗಿ ಡಾಕ್ಟರಕಿ ಓದಿ ಬಂದಿದ್ದರು. ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರು ಕಡೆಯಿಂದ ಮಕ್ಕಳಾಗದ ಹೆಂಗಸರು ಬಸ್ಸು ಹಿಡಿದು ಅವರ ಹತ್ತಿರ ಬರುತ್ತಿದ್ದರು.

ಒಂದು ದಿನ ಗಂಡ ತೋಟದ ಕೆಲಸ ಬಿಟ್ಟು ಹೊತ್ತಿಗೆ ಮುಂಚೆ ಮನೆಗೆ ಬಂದ. ತೋಳಿಗೆ ಬಟ್ಟೆ ಕಟ್ಟಿಕೊಂಡಿದ್ದ.

"ಏನಾತ್ರಿ ಕೈಗಿ?"

"ರಕ್ತ ಕೊಟ್ಟೇನಿ. ಬಾಯಾರು ಹೇಳಿ ಕಳಿಸಿದ್ರು. ಯಾರೋ ಬಾಣಂತಿ ಸಾಯಾಕತ್ತಿದ್ಲಂತ."

ಜೊತೆಗೆ ನೋಟನ್ನೂ ತಂದಿದ್ದ. ವಾರಗಟ್ಟಲೆ ಎಲೆ ಕೊಯ್ದರೂ ಸಿಗದ ದುಡ್ಡು. ಅದೇ ದವಾಖಾನೆಯಲ್ಲಿ ನಾನು ಕೆಲಸ ಮಾಡುತ್ತಿದ್ದೆ, ಆವತ್ತು ಸಾಯುವ ಬಾಣಂತಿ ಯಾರೂ ಇರಲಿಲ್ಲ. ಆದರೂ ನನಗೆ ಅನುಮಾನ ಬರಲಿಲ್ಲ. ನಾನು ಮನೆಗೆ ಬಂದ ಮೇಲೆ ಯಾವಳೋ ಬಾಣಂತಿ ಬಂದಿರಬಹುದು ಅಂದುಕೊಂಡೆ. ಗಂಡ ಒಳ್ಳೆಯ ಕೆಲಸ ಮಾಡಿದ್ದಾನೆ ಎಂದು ಹೆಂಡತಿಗೆ ಅನಿಸಿದರೆ ಅವಳು ಲೆಕ್ಕ ನೋಡುವುದಿಲ್ಲ.

ರಕ್ತ ಹೋಗಿದೆ, ಶಕ್ತಿ ಬರಲಿ ಎಂದು ತುಪ್ಪ ಹಾಕಿ ಸಜ್ಜಕ ಮಾಡಿಕೊಟ್ಟೆ. ಮಕ್ಕಳಿಗೆ ಬರೀ ತಳ ಕೆರೆದು ಕೊಟ್ಟೆ. ಆಮೇಲೆ ತಿಂಗಳಿಗೊಮ್ಮೆಯೋ ಎರಡು ಸಲವೋ ಅವನಿಗೆ ಕರೆ ಬರತೊಡಗಿತು. ಪ್ರತಿ ಸಲ ತೋಳಿಗೆ ಅದೇ ಬಟ್ಟೆ, ನನ್ನ ಹಳೆ ಸೀರೆಯ ಅಂಚು. ಪ್ರತಿ ಸಲ ಸಜ್ಜಕ. ನೀರಿಗೆ ಹೋದಾಗ ನಾನೇ ಮಾತು ತೆಗೆಯುತ್ತಿದ್ದೆ.

"ಇವತ್ತ ಮತ್ತ ನಮ್ಮವರು ರಕ್ತ ಕೊಡಾಕ ಹೋಗ್ಯಾರವಾ."

"ನಿನ್ನ ಗಂಡ ಭಾಳ ಪುಣ್ಯೇವಂತ ಬಿಡಬೇ. ನಮ್ಮಾಂವ ಒಂದು ಸೊಳ್ಳಿಗಿ ಕೊಡಬೇಕಂದ್ರೂ ಅಳತಾನ," ಎಂದು ಪಕ್ಕದ ಮನೆಯವಳು ನಗಿಸುತ್ತಿದ್ದಳು. ಆಮೇಲೆ ತನ್ನ ಎಮ್ಮೆಯ ಹಾಲು ಒಂದು ತಂಬಿಗೆ ತಂದು ಕೊಡುತ್ತಿದ್ದಳು, ಪುಣ್ಯವಂತನಿಗೆ. ಆ ಹಾಲನ್ನು ನಾನು ಎರಡೂ ಕೈಯಲ್ಲಿ ಇಸಿದುಕೊಂಡಿದ್ದೇನೆ.

ದವಾಖಾನೆಯ ಹಿಂದೆ ಅಂಗಳ, ಅಂಗಳದ ಆಚೆ ಒಂದು ಖೋಲಿ. ಕೆಲವು ದಿನ ಅದರ ಬಾಗಿಲು ಮುಚ್ಚಿರುತ್ತಿತ್ತು, ಅಲ್ಲಿಗೆ ನಾನು ಹೋಗಬಾರದೆಂದು ಅಪ್ಪಣೆ ಇತ್ತು. ಅಲ್ಲಿಂದ ಮುಂದಿನ ಖೋಲಿಗೆ ಏನಾದರೂ ತರುವುದಿದ್ದರೆ ಮುದುಕ ಕಂಪೌಂಡರ್ ತರುತ್ತಿದ್ದ. ಒಂದು ದಿನ ಅವನಿಗೆ ಜ್ವರ ಬಂದು ಮನೆಯಲ್ಲಿ ಮಲಗಿದ್ದ. ಹಿರೇಕೆರೂರಿನಿಂದ ಒಬ್ಬ ಸೊಸೆ, ಅವಳ ಅತ್ತೆ ಬಂದಿದ್ದರು. ಹತ್ತಿ ವ್ಯಾಪಾರದ ಮನೆಯವರು. ಸೊಸೆ ಇಪ್ಪತ್ತು ದಾಟಿರಲಿಲ್ಲ ಅನಿಸುತ್ತದೆ. ಒಳಗೆ ಮೇಜಿನ ಮೇಲೆ ಮಲಗಿದ್ದಳು. ಅತ್ತೆ ಹೊರಗಿನ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು.

ಬಾಯಾರು ನನ್ನನ್ನು ಕರೆದರು. "ಆಯಾ, ಹಿಂದಿನ ಖೋಲಿಗೆ ಹೋಗು. ಬಾಗಿಲಾ ಬಡದ್ರ ಒಂದು ಬಾಟ್ಲಿ ಕೊಡ್ತಾರ. ಕೈಯೊಳಗ ಹಿಡೀಬ್ಯಾಡ, ಸೊಂಟಕ್ಕ ಸಿಗಿಸ್ಕೊ. ತಣ್ಣಗಾಗಬಾರದು. ಲಗೂನ ಬಾ."

ಹೋಗಿ ಬಾಗಿಲು ಬಡಿದೆ. ಬಾಗಿಲು ಒಂದು ಗೇಣು ತೆರೆಯಿತು. ಒಂದು ಕೈ ಹೊರಗೆ ಬಂತು, ಕೈಯಲ್ಲಿ ಮುಚ್ಚಳ ಹಾಕಿದ ಸಣ್ಣ ಬಾಟಲಿ. ತೋಳಿಗೆ ನನ್ನ ಸೀರೆಯ ಅಂಚು ಕಟ್ಟಿತ್ತು. ಎಲೆಯ ಕರೆ ಹತ್ತಿದ ಉಗುರು. ಆ ಕೈ ನನಗೆ ಗೊತ್ತಿಲ್ಲವೇ? ಅವನು ಕಂಪೌಂಡರ್ ಬಂದಿದ್ದಾನೆ ಅಂದುಕೊಂಡಿದ್ದ. ನಾನು ಮಾತಾಡಲಿಲ್ಲ, ಇಸಿದುಕೊಂಡೆ. ಬಾಗಿಲು ಮುಚ್ಚಿತು.

ಬಾಟಲಿಯೊಳಗಿನದು ಕೆಂಪಗಿರಲಿಲ್ಲ. ಮೂರು ಮಕ್ಕಳ ತಾಯಿಗೆ ಅದು ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸೊಂಟಕ್ಕೆ ಸಿಗಿಸಿಕೊಂಡು ಅಂಗಳ ದಾಟಿದೆ. ಹೊಟ್ಟೆಗೆ ಬೆಚ್ಚಗೆ ಹತ್ತುತ್ತಿತ್ತು. ನನ್ನ ಗಂಡನದನ್ನು ನಾನೇ ನನ್ನ ಮೈಯ ಕಾವಿನಲ್ಲಿಟ್ಟು ಇನ್ನೊಬ್ಬಳಿಗೆ ಒಯ್ದು ಕೊಟ್ಟೆ. ಕೊಟ್ಟು, ಆ ಹುಡುಗಿಯ ತಲೆಯ ಹತ್ತಿರ ನಿಂತು ಅವಳ ಕೈ ಹಿಡಿದುಕೊಂಡೆ. ನನ್ನ ಕೆಲಸ ಅದೇ ಆಗಿತ್ತು. ಬಾಯಾರು ಕೊಳವೆಯಲ್ಲಿ ತುಂಬಿ ಒಳಗೆ ಹಾಕಿದರು. ಹುಡುಗಿ ನನ್ನ ಬೆರಳು ಹಿಚುಕಿದಳು.

ಆದ ಮೇಲೆ ಸ್ವಲ್ಪ ಹೊತ್ತು ಅಲ್ಲಾಡದೆ ಮಲಗಬೇಕಿತ್ತು. ಬಾಯಾರು ಹೊರಗೆ ಹೋದರು. ಹುಡುಗಿ ಮಾಳಿಗೆಯ ತೊಲೆ ನೋಡುತ್ತ ಕೇಳಿದಳು, "ಅಕ್ಕಾ, ಇದು ಎಲ್ಲಿಂದ ತಂದ್ರಿ?"

"ಯಾಕ ತಂಗಿ?"

"ನಮ್ಮವರದ ಅಂತ ಬಾಯಾರು ಹೇಳ್ಯಾರ. ಅವರು ಹಿರೇಕೆರೂರಾಗ ಹತ್ತಿ ತೂಗಾಕತ್ತಾರ. ನಾವು ಬರೂ ಮುಂದ ಅತ್ತಿ ಕೈಯಾಗ ರೊಟ್ಟಿ ಗಂಟೊಂದ ಇತ್ತು. ಅವರು ಬರದ ಅವರದು ಹೆಂಗ ಬಂತು?"

ನಾನು ಅವಳ ಕಾಲಿನ ಮೇಲೆ ಚಾದರ ಎಳೆದು, ಅಲುಗಾಡಬೇಡ ಎಂದೆ. ಅಷ್ಟೇ.

ಅವತ್ತು ಸಂಜೆ ಗಂಡ ಮನೆಗೆ ಬಂದು ಸಜ್ಜಕಕ್ಕೆ ಕಾಯುತ್ತ ಕೂತ. ನಾನು ಖಾರ ಅರೆಯುತ್ತಿದ್ದೆ.

"ರಕ್ತ ಕೊಟ್ಟು ಬಂದ್ರೇನು?"

"ಹೂಂ."

"ನಿಮ್ಮ ರಕ್ತ ಯಾವಾಗಿಂದ ಬೆಳ್ಳಗ ಆತ್ರಿ?"

ಅವನು ತೋಳಿನ ಬಟ್ಟೆಯನ್ನು ನೋಡಿಕೊಂಡ. ಆಮೇಲೆ ಬಿಚ್ಚಿದ. ಅದರ ಕೆಳಗೆ ಒಂದು ಸೂಜಿಯ ಗುರುತೂ ಇರಲಿಲ್ಲ.

"ಕಂಪೌಂಡರ್ ಹೇಳಿದನೇನು?"

"ನಾನ ಒಯ್ದು ಕೊಟ್ಟೇನಿ. ಬಾಗಲದಾಗ ನಿಂತಾಕಿ ನಾನ."

ಅವನು ಬಿಚ್ಚಿದ ಬಟ್ಟೆಯನ್ನು ಮೂಲೆಗೆ ಎಸೆದ. ಆಮೇಲೆ ಸಿಟ್ಟು ಮಾಡಿದ. ತಪ್ಪು ಸಿಕ್ಕಿಬಿದ್ದಾಗ ಗಂಡಸರು ಮಾಡುವ ಸಿಟ್ಟು. "ರಕ್ತ ಮಾರ್ತಾನಂದ್ರ ಊರ ತುಂಬ ಡಂಗುರ ಹೊಡದಿ. ಇದೂ ಮೈಯಾಗಿಂದ ಅಲ್ಲನು? ನಾ ಯಾರ ಮೈ ಮುಟ್ಟೇನಿ? ಯಾರ ಮಾರಿ ನೋಡೇನಿ? ಒಂದು ಖೋಲ್ಯಾಗ ಒಬ್ಬನ ಕುಂತು ಎದ್ದು ಬಂದೇನಿ."

"ರಕ್ತ ಕುಡದು ಯಾರಿಗಿ ಮಕ್ಕಳಾಗ್ಯಾವ್ರಿ?"

"ಮಗಳ ಕಿವ್ಯಾಗ ಬೆಂಡವಾಲಿ ಎಲ್ಲಿಂದ ಬಂದ್ವು? ಹಾಕೊಳ್ಳೂ ಮುಂದ ಕೇಳಿದೇನು?"

"ಊರ ಗೂಳಿಗಿ ಯಾರೂ ರೊಕ್ಕ ಕೊಡೂದಿಲ್ಲ. ಅದಕ್ಕ ದೇವರ ಹೆಸರೈತಿ, ಅದು ಪುಕ್ಕಟ ತಿರಗತೈತಿ. ನಿಮಗ ಏನ್ ಹೆಸರು ಇಡೂಣು?"

ಅವನು ಎದ್ದು ಹೊರಗೆ ಹೋದ. ನಾನು ಖಾರ ಅರೆಯುವುದನ್ನು ಮುಗಿಸಿದೆ. ಮಕ್ಕಳು ಉಣ್ಣಬೇಕಿತ್ತು.

ಇಲ್ಲಿ ಒಂದು ಮಾತು ಹೇಳುತ್ತೇನೆ. ಈಗ ದೊಡ್ಡ ಊರುಗಳಲ್ಲಿ ಗಂಡಸರದು ಮಾತ್ರವಲ್ಲ, ಹೆಂಗಸರ ಹೊಟ್ಟೆಯೊಳಗಿನ ತತ್ತಿಯನ್ನೂ ತೆಗೆದು ಮಾರುತ್ತಾರೆ ಎಂದು ಮೊಮ್ಮಗಳು ಪೇಪರು ಓದಿ ಹೇಳಿದಳು. ಮನೆಯಲ್ಲಿ ಎಲ್ಲರೂ ಛೀ ಎಂದರು. ನಾನು ಅನ್ನಲಿಲ್ಲ. ಮಾರುವವರ ಮನೆಯಲ್ಲಿ ಬಾಡಿಗೆ ಕೊಡಬೇಕಾಗಿರುತ್ತದೆ, ಕೊಳ್ಳುವವರ ಮನೆಯಲ್ಲಿ ತೊಟ್ಟಿಲು ಖಾಲಿ ಇರುತ್ತದೆ. ನನ್ನ ನಾಚಿಕೆ ರೊಕ್ಕದ್ದೊಂದೇ ಆಗಿದ್ದರೆ ಇಷ್ಟು ವರ್ಷ ಉಳಿಯುತ್ತಿರಲಿಲ್ಲ. ಆ ಹುಡುಗಿ ಕೇಳಿದ ಮಾತಿಗೆ ನಾನು ಚಾದರ ಎಳೆದದ್ದು ನನ್ನನ್ನು ಮಲಗಲು ಬಿಡಲಿಲ್ಲ.

ಅದಕ್ಕೇ ಮಾರನೆಯ ದಿನ ಬಾಯಾರ ಮುಂದೆ ಹೋಗಿ ನಿಂತೆ.

"ಬಾಯಾರ, ಆ ಹಿರೇಕೆರೂರಿನ ಹುಡಿಗಿನ್ನ ಒಂದು ಮಾತು ಕೇಳ್ರಿ. ಅದು ಆಕಿ ಗಂಡಂದಲ್ಲ ಅಂತ ಹೇಳ್ರಿ."

ಅವರು ನನ್ನನ್ನು ಕೆಳಗಿನಿಂದ ಮೇಲಿನತನಕ ನೋಡಿದರು. ನನಗೆ ಗೊತ್ತಾಗಿದೆ ಎಂದು ಅವರಿಗೂ ಗೊತ್ತಾಯಿತು. ಬೈಯಲಿಲ್ಲ. ಕುರ್ಚಿಯಲ್ಲಿ ಕೂತರು.

"ಆಕೀ ಗಂಡಗ ಗೊತ್ತದ. ಅತ್ತೀಗೆ ಗೊತ್ತದ. ನಮ್ಮ ಮಂದಿಯವನ, ನಮ್ಮ ಜಾತಿಯವನ ಆಗಿರಬೇಕು, ಮಕ್ಕಳೊಂದಿಗ, ಮಕ್ಕಳಾದಾವ ಆಗಿರಬೇಕು ಅಂತ ಆಕೀ ಅತ್ತೀನ ಕೇಳಿದ್ಲು. ಅದಕ್ಕ ನಿನ್ನ ಗಂಡನ್ನ ಕರೆಸಿದೆ."

"ಎಲ್ಲಾರಿಗೂ ಗೊತ್ತೈತಿ. ಹೊಟ್ಟ್ಯಾಗ ಇಟ್ಕೊಳ್ಳಾಕಿಗಿ ಗೊತ್ತಿಲ್ಲಲ್ರಿ."

"ಕೇಳಿದ್ರ ಆಕಿ ಒಲ್ಲೆ ಅಂತಾಳ. ಒಲ್ಲೆ ಅಂದ್ರ ಬರೂ ಲಗ್ನದ ಹಂಗಾಮಿಗೆ ಆ ಅತ್ತಿ ಎರಡನೇ ಸೊಸೀನ್ನ ತರತಾಳ. ದೋಷ ಗಂಡಂದು, ಮೂಲಿಗೆ ಕೂಡೂದು ಈಕಿ. ಈಗ ಹೇಳು, ಕೇಳಬೇಕೋ ಬ್ಯಾಡೋ?"

"ಕೇಳಬೇಕ್ರಿ."

"ನಿನಗ ಎಷ್ಟು ಮಕ್ಕಳು?"

"ಮೂರ್ರಿ."

"ಅದಕ್ಕ ನಿನಗ ಹಂಗ ಅನ್ನಲಿಕ್ಕೆ ಬರ್ತದ," ಎಂದು ಎದ್ದು ಕೈ ತೊಳೆಯಲು ಹೋದರು.

ಬಾಯಾರು ಕೆಟ್ಟವರಲ್ಲ.

ಆ ಹುಡುಗಿಗೆ ಆ ಸಲ ಬಸಿರು ನಿಲ್ಲಲಿಲ್ಲ. ಮುಂದಿನ ತಿಂಗಳು ಅತ್ತೆ ಸೊಸೆ ಮತ್ತೆ ಬಂದರು. ನನ್ನ ಗಂಡ ಆಗಲೇ ಹಿಂದಿನ ಬಾಗಿಲಿನಿಂದ ಬಂದು ಖೋಲಿಯಲ್ಲಿ ಕೂತಿದ್ದ. ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಗಿತ್ತು, ಆದರೆ ನಾನು ಅವನನ್ನು ಹೋಗಬೇಡ ಎಂದು ತಡೆದಿರಲಿಲ್ಲ. ಬಾಯಾರು ಇನ್ನೂ ಪೂಜೆಯಲ್ಲಿದ್ದರು. ಮುಂದಿನ ಖೋಲಿಯಲ್ಲಿ ನಾನು ಮತ್ತು ಆ ಹುಡುಗಿ ಇಬ್ಬರೇ.

"ತಂಗಿ, ಅವತ್ತ ನೀ ಒಂದು ಮಾತು ಕೇಳಿದ್ದಿ. ಅದು ನಿನ್ನ ಗಂಡಂದಲ್ಲ."

ಅವಳು ಬಳೆ ಹಿಂದೆ ಸರಿಸುತ್ತಿದ್ದಳು. ಕೈ ನಿಂತಿತು.

"ಮತ್ತ ಯಾರದು?"

"ಕೂಲಿ ಮಾಡಾಂವ ಒಬ್ಬಾಂವ. ನಿಮ್ಮ ಮಂದೀನ."

"ನಿನಗ ಹೆಂಗ ಗೊತ್ತು?"

"ನನ್ನ ಗಂಡಂದು."

ಅಳುತ್ತಾಳೆ, ಇಲ್ಲ ಬೈಯುತ್ತಾಳೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ನನ್ನ ಮುಖವನ್ನೇ ನೋಡಿದಳು.

"ನಿನ್ನನ್ನ ಕೇಳಿದ್ರೇನು ಅಕ್ಕಾ?"

"ಇಲ್ಲ."

"ನನ್ನೂ ಕೇಳಲಿಲ್ಲ." ಬಳೆಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡು, "ಒಲ್ಲೆ ಅಂದ್ರ ನಮ್ಮತ್ತಿ ಆಡೂರಾಗ ಹುಡಿಗಿ ನೋಡಿ ಇಟ್ಟಾಳ. ತನ್ನ ಅಣ್ಣನ ಮಗಳು," ಎಂದಳು.

ಹೊರಗಿನಿಂದ ಅತ್ತೆ ಕೆಮ್ಮಿದ ಸದ್ದು ಕೇಳಿತು. ಹುಡುಗಿ ಮೇಜು ಇಳಿದು ನನ್ನ ಮುಂದೆ ಬಂದು ನಿಂತಳು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು.

"ಕೊಂಡದ್ದಾದ್ರ ನನಗ ಬ್ಯಾಡ. ನಮ್ಮ ಮನ್ಯಾಗ ಹತ್ತಿ ಕೊಳ್ಳತಾರ, ಎತ್ತು ಕೊಳ್ಳತಾರ, ಇದನ್ನೂ ಕೊಂಡಾರ. ನೀ ಕೊಡೂದಾದ್ರ ತೊಗೋತೇನಿ. ನೀ ಮಕ್ಕಳೊಂದಿಗ್ಯಾಕಿ. ನನ್ನ ಉಡಿ ತುಂಬು."

ನಮ್ಮ ಕಡೆ ಉಡಿ ತುಂಬುವುದು ಸಣ್ಣ ಕೆಲಸ. ಒಂದು ಹಿಡಿ ಅಕ್ಕಿ, ಇದ್ದರೆ ಒಂದು ಬಟ್ಟಲು ಕೊಬ್ಬರಿ. ದವಾಖಾನೆಗೆ ಹೊಂದಿಕೊಂಡಿದ್ದ ಬಾಯಾರ ಮನೆಯಲ್ಲಿ ಎರಡೂ ಇದ್ದವು. ಆದರೆ ಉಡಿ ತುಂಬಿದ ಮೇಲೆ ಅದಕ್ಕೆ ಬೆಲೆ ಕಟ್ಟುವ ಹಾಗಿಲ್ಲ. ಕೊಟ್ಟದ್ದು ಕೊಟ್ಟ ಹಾಗೆ ಇರಬೇಕು. ಸ್ವಲ್ಪ ತಡಿ ಎಂದು ಅವಳಿಗೆ ಹೇಳಿ ಅಂಗಳ ದಾಟಿ ಹೋಗಿ ಹಿಂದಿನ ಖೋಲಿಯ ಬಾಗಿಲು ನೂಕಿದೆ.

ಗಂಡ ಸ್ಟೂಲಿನ ಮೇಲೆ ಬೀಡಿ ಸೇದುತ್ತ ಕೂತಿದ್ದ.

"ಇವತ್ತಿನ ರೊಕ್ಕ ಇಸಗೋಬ್ಯಾಡ್ರಿ. ಹಂಗ ಕೊಡೂಣು. ಆ ಹುಡಿಗಿ ಉಡಿ ಒಡ್ಡಿ ನಿಂತೈತಿ."

ಅವನು ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಬೀಡಿಯನ್ನು ನೆಲಕ್ಕೆ ಒತ್ತಿದ. "ನೋಡು. ರೊಕ್ಕ ಇಸಗೊಂಡ್ರ ನಾ ಹಮಾಲ. ಪೆಂಡಿ ಬಸ್ಸಿಗೆ ಏರಿಸಿದೆ, ನನ್ನ ಕೆಲಸ ಮುಗೀತು, ಆ ಪೆಂಡಿ ಯಾವೂರಿಗೆ ಹೋತು ಅಂತ ನಾ ಕೇಳೂದಿಲ್ಲ. ಇಸಗೊಳ್ಳಲಿಲ್ಲಂದ್ರ ನಾ ಆ ಕೂಸಿನ ಅಪ್ಪ. ಹಿರೇಕೆರೂರಿಗೆ ಹೋದಾಗೆಲ್ಲ ಆ ಮನಿ ಮುಂದ ನಿಂದರತೇನಿ. ನೀನೂ ನಿಂದರತಿ. ಯಾವುದು ಬೇಕು ನಿನಗ, ಹಮಾಲ ಬೇಕೋ ಅಪ್ಪ ಬೇಕೋ?"

ಅವನು ಅಷ್ಟು ಯೋಚನೆ ಮಾಡಿದ್ದಾನೆಂದು ನನಗೆ ಗೊತ್ತಿರಲಿಲ್ಲ. ನಾನು ಅಂಗಳದಲ್ಲಿ ನಿಂತೆ. ಬಿಸಿಲಿತ್ತು, ಕಾಲು ಸುಡುತ್ತಿತ್ತು. ನನ್ನ ಮೂರು ಮಕ್ಕಳಿಗೆ ಒಬ್ಬನೇ ಅಪ್ಪ. ಅವನು ಹಿರೇಕೆರೂರಿನ ಒಂದು ಮನೆಯ ಮುಂದೆ ನಿಂತು ಒಳಗೆ ಇಣುಕುವುದು ಕಣ್ಣಿಗೆ ಕಟ್ಟಿತು. ಆ ಮಗುವಿಗೆ ಅಂತ ಜೇಬಿನಲ್ಲಿ ಪುಟಾಣಿ ಇಟ್ಟುಕೊಂಡು ಹೋಗುವುದು ಕಂಡಿತು. ನನಗೆ ಹಮಾಲನೇ ಬೇಕಾಗಿತ್ತು.

ಒಳಗೆ ಹೋದೆ. ಅವಳು ಹಾಗೆಯೇ ನಿಂತಿದ್ದಳು, ಸೆರಗು ಒಡ್ಡಿಕೊಂಡು.

"ತಂಗಿ, ಉಡಿಗೆ ಹಾಕಾಕ ನನ್ನ ಕಡೆ ಏನೂ ಇಲ್ಲ. ಅದು ಮಾರಿ ಆಗೇತಿ."

ಅವಳು ಸೆರಗು ಮಡಚಿ ಸೊಂಟಕ್ಕೆ ಸಿಗಿಸಿಕೊಂಡಳು. ಚಪ್ಪಲಿ ಹಾಕಿಕೊಂಡು ಹೊರಗೆ ಹೋಗಿ ಅತ್ತೆಗೆ, "ಏಳ್ರಿ, ಬಸ್ಸಿನ ಹೊತ್ತಾತು," ಎಂದಳು.

"ಆತೇನ? ಇಷ್ಟ ಲಗೂನ?"

"ನಾ ಒಲ್ಲೆ."

"ಏನ ಒಲ್ಲೆ? ಯಾವುದು ಒಲ್ಲೆ?"

"ನಿಮಗ ಗೊತ್ತೈತಲ್ರಿ, ಅದನ್ನ."

ಮುದುಕಿ ದವಾಖಾನೆಯ ಬಾಗಿಲಲ್ಲೇ ಬಾಯಿ ತೆರೆದಳು. "ಬಂಜಿ, ನಿನಗ ಸೊಕ್ಕು ಬ್ಯಾರೆ. ನಮ್ಮ ಮನಿ ದೀಪಾ ಆರಸಾಕ ಬಂದಾಕಿ," ಎಂದು ಓಣಿಯ ತುದಿಯವರೆಗೂ ಬೈಯುತ್ತಲೇ ಹೋದಳು. ಹುಡುಗಿ ರೊಟ್ಟಿಯ ಗಂಟು ಹಿಡಿದು ಮುಂದೆ ಮುಂದೆ ನಡೆದಳು, ತಿರುಗಿ ನೋಡಲಿಲ್ಲ.

ಬಾಯಾರು ವಿಷಯ ತಿಳಿದು ನನ್ನನ್ನು ಅವತ್ತೇ ಕೆಲಸದಿಂದ ಬಿಡಿಸಿದರು. "ನೀ ಆಕೀಗೆ ಉಪಕಾರ ಮಾಡಿದಿ ಅಂತ ತಿಳ್ಕೊಂಡಿಯೇನು?" ಎಂದಷ್ಟೇ ಕೇಳಿದರು. ಗಂಡನನ್ನು ಬಿಡಿಸಲಿಲ್ಲ. ಅವನು ಇನ್ನೂ ಎರಡು ಮೂರು ವರ್ಷ ಹೋಗಿ ಬಂದ. ತೋಳಿಗೆ ಬಟ್ಟೆ ಕಟ್ಟುವುದನ್ನು ಮಾತ್ರ ಬಿಟ್ಟ. ನೀರಿಗೆ ಹೋದಾಗ ಪಕ್ಕದ ಮನೆಯವಳು, "ಯಾಕಬೇ, ನಿನ್ನ ಗಂಡ ಈಗ ರಕ್ತ ಕೊಡೂದಿಲ್ಲೇನು?" ಎಂದರೆ, ಮೈಯಲ್ಲಿ ಹುಷಾರಿಲ್ಲ ಎನ್ನುತ್ತಿದ್ದೆ. ಅವಳು ಅದಕ್ಕೂ ಹಾಲು ತಂದುಕೊಟ್ಟಳು. ಅದನ್ನೂ ಇಸಿದುಕೊಂಡೆ.

ಹಾನಗಲ್ಲಿಗೆ, ಶಿಗ್ಗಾವಿಗೆ ಎಲ್ಲೆಲ್ಲಿಗೆ ಅವನ ಪೆಂಡಿ ಹೋದವೋ ನನಗೆ ಗೊತ್ತಿಲ್ಲ. ಮಕ್ಕಳು ದೊಡ್ಡವರಾದ ಮೇಲೆ ನಾನು ಆ ಕಡೆಯ ಸಂಬಂಧ ಒಂದನ್ನೂ ಮಾಡಲಿಲ್ಲ, ಹೊಳೆ ದಾಟಿ ದೂರದಿಂದ ಸೊಸೆಯರನ್ನು ತಂದೆ. ಇವಳಿಗೆ ಹತ್ತಿರದ ಹೆಣ್ಣು ಕಣ್ಣಿಗೆ ಹಿಡಿಸುವುದಿಲ್ಲ, ದೊಡ್ಡಸ್ತಿಕೆ ಎಂದು ಮಂದಿ ಆಡಿಕೊಂಡರು. ಆಡಿಕೊಳ್ಳಲಿ ಎಂದು ಬಿಟ್ಟೆ.

ಹಿರೇಕೆರೂರಿನ ಸುದ್ದಿ ಮಾತ್ರ ಬಂತು, ಮಕ್ಕಳು ಇನ್ನೂ ಸಣ್ಣವರಿದ್ದಾಗಲೇ. ಎಲೆ ಕೊಳ್ಳಲು ತೋಟಕ್ಕೆ ಬರುತ್ತಿದ್ದ ಆ ಊರಿನವನೊಬ್ಬ ಗಂಡನಿಗೆ ಹೇಳಿದ್ದ, ಗಂಡ ಊಟಕ್ಕೆ ಕೂತಾಗ ನನಗೆ ಹೇಳಿದ.

"ಆ ಹತ್ತಿ ಮನಿಯವರು ಎರಡನೇದಾಕಿನ್ನ ತಂದಾರಂತ. ಆಡೂರಾಕಿ."

"ಮೊದಲನೇದಾಕಿ?"

"ಅಲ್ಲೇ ಅದಾಳಂತ. ಅಡಗಿ ಮನ್ಯಾಗ. ಎರಡನೇದಾಕಿಗೂ ನಿಂತಿಲ್ಲ. ಈಗ ಆ ಮುದುಕಿ ಆಕಿನ್ನ ಕರಕೊಂಡು ಹುಬ್ಬಳ್ಳಿಗೆ ಅಡ್ಡಾಡಾಕತ್ತಾಳಂತ, ಅಲ್ಲಿ ಮತ್ತೊಬ್ಬ ಡಾಕ್ಟರ್ ಕಡೆ."

ನಾನು ರೊಟ್ಟಿ ಬಡಿಯುತ್ತಿದ್ದೆ. ಆ ಆಡೂರಿನ ಹುಡುಗಿಯೂ ಯಾವುದೋ ಮೇಜಿನ ಮೇಲೆ ಮಲಗಿ, ಇದು ಎಲ್ಲಿಂದ ಬಂತು ಎಂದು ಯಾರನ್ನಾದರೂ ಕೇಳುತ್ತಿರಬಹುದು ಅನಿಸಿತು. ಅವಳ ತಲೆಯ ಹತ್ತಿರ ಯಾವ ಆಯಾ ನಿಂತಿದ್ದಾಳೋ. ಗಂಡ ತಾಟಿನ ಮೇಲೆ ಬಗ್ಗಿಕೊಂಡೇ ಹೇಳಿದ, "ಹುಬ್ಬಳ್ಳ್ಯಾಗ ಇದಕ್ಕಿಂತ ಜಾಸ್ತಿ ಕೊಡತಿರಬೇಕು. ನಾನೂ ಬಸ್ ಹತ್ತಲೇನು?"

ಹೇಳಿ ನಕ್ಕ. ನನಗೂ ನಗೆ ಬಂತು. ಒಲೆಯ ಮುಂದೆ ಕೂತು ಇಬ್ಬರೂ ನಕ್ಕೆವು, ಮಕ್ಕಳು ಯಾಕೆ ಏನು ಎಂದು ಕೇಳುವಷ್ಟು ನಕ್ಕೆವು.